ಮನೆಯ ರೌಟರ್‌ನಲ್ಲಿ ವಿಳಾಸ ಹಂಚಿಕೆ ಮತ್ತು ರಕ್ಷಣೆ: ನ್ಯಾಟ್ ಕುರಿತ ಒಂದು ತಪ್ಪು ಗ್ರಹಿಕೆ

ಮನೆಯ ರೌಟರ್ ಸಾಮಾನ್ಯವಾಗಿ ಹೊರಗಿನ ಜಾಲಕ್ಕೆ ಒಂದೇ ಐಪಿವಿ4 ವಿಳಾಸವನ್ನು ತೋರಿಸುತ್ತದೆ. ಒಳಗಿರುವ ಫೋನು, ಟಿವಿ, ಕ್ಯಾಮೆರಾ, ಬಲ್ಬುಗಳಿಗೆ ಹೆಚ್ಚಾಗಿ 192.168ರಿಂದ ಆರಂಭವಾಗುವ ಖಾಸಗಿ ವಿಳಾಸಗಳನ್ನು ಹಂಚುತ್ತದೆ. ಈ ಏರ್ಪಾಟು ಹುಟ್ಟಿದ್ದು ಅಭಾವದಿಂದ. ಐಪಿವಿ4 ವಿಳಾಸ 32 ಬಿಟ್‌ಗಳದ್ದು. ಸಾಧ್ಯವಿರುವ ವಿಳಾಸಗಳು ಸುಮಾರು 430 ಕೋಟಿ ಮಾತ್ರ. 1994ರಲ್ಲಿ ಎಗೆವಾಂಗ್ ಮತ್ತು ಫ್ರಾನ್ಸಿಸ್ ವಿವರಿಸಿದ ನ್ಯಾಟ್ (ವಿಳಾಸ ಪರಿವರ್ತನೆ) ವಿಧಾನ ಈ ಕೊರತೆಗೆ ತಾತ್ಕಾಲಿಕ ಪರಿಹಾರವಾಗಿ ಬಂತು. ರಕ್ಷಣೆ ಅದರ ಗುರಿಯಾಗಿರಲಿಲ್ಲ.

ಆದರೂ 'ನ್ಯಾಟ್ ಇದೆಯಲ್ಲ, ಇನ್ನೇನು ಭಯ' ಎಂಬ ನಂಬಿಕೆ ಗಟ್ಟಿಯಾಗಿದೆ. ಅದು ಪೂರ್ತಿ ಸುಳ್ಳೂ ಅಲ್ಲ. ಒಳಗಿನಿಂದ ಯಾರೂ ಕೇಳದ ಮಾಹಿತಿ ಹೊರಗಿನಿಂದ ಬಂದರೆ, ಅದನ್ನು ಯಾವ ಸಾಧನಕ್ಕೆ ಒಪ್ಪಿಸಬೇಕೆಂದು ರೌಟರ್‌ಗೆ ತಿಳಿಯುವುದಿಲ್ಲ, ಹಾಗಾಗಿ ಕೈಬಿಡುತ್ತದೆ. ತೊಡಕಿರುವುದು ಯುಪಿಎನ್‌ಪಿ ಎಂಬ ಸೌಲಭ್ಯದಲ್ಲಿ. ಅದು ಚಾಲೂ ಇದ್ದರೆ ಒಳಗಿನ ಯಾವುದೇ ಸಾಧನ, ಸಾಮಾನ್ಯವಾಗಿ ಪಾಸ್‌ವರ್ಡ್ ಕೂಡ ಕೊಡದೆ, ಹೊರಗಿನವರು ತನ್ನನ್ನು ತಲುಪಲು ಒಂದು ಪೋರ್ಟ್, ಅಂದರೆ ದ್ವಾರ, ತೆರೆಯೆಂದು ರೌಟರ್‌ಗೆ ಹೇಳಬಹುದು. ಮಾಲೀಕನಿಗೆ ಸುದ್ದಿಯೇ ಇರುವುದಿಲ್ಲ. ಹೊರಗಿನಿಂದ ಕೈಗೆಟಕುವ ಅಗ್ಗದ ಸಾಧನ ಎಷ್ಟು ಅಪಾಯಕಾರಿ ಎಂಬುದನ್ನು 2016ರ ಮಿರಾಯ್ ಎಂಬ ಕುತಂತ್ರಾಂಶ ತೋರಿಸಿತು. ಕಾರ್ಖಾನೆಯಲ್ಲೇ ಇಟ್ಟ ಅರವತ್ತಕ್ಕೂ ಹೆಚ್ಚು ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಪ್ರಯೋಗಿಸಿ ಅದು ಕ್ಯಾಮೆರಾ, ಡಿವಿಆರ್, ರೌಟರ್‌ಗಳನ್ನು ವಶಪಡಿಸಿಕೊಂಡಿತು. ಅಂಥ ಸಾಧನಗಳ ಪಡೆ ಅಕ್ಟೋಬರ್ 21ರಂದು ಡೈನ್ ಸಂಸ್ಥೆಯ ಡಿಎನ್‌ಎಸ್ ಸೇವೆಯ (ತಾಣದ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಸೇವೆ) ಮೇಲೆ ಮುಗಿಬಿದ್ದಾಗ ಟ್ವಿಟರ್‌ನಂಥ ತಾಣಗಳೇ ಹಲವರಿಗೆ ಸಿಗದಾದವು.

ಆದ್ದರಿಂದ ಮೊದಲು ಮಾಡಬೇಕಾದದ್ದು ಯುಪಿಎನ್‌ಪಿಯನ್ನು ಆಫ್ ಮಾಡುವುದು. ಕೆಲವು ಆನ್‌ಲೈನ್ ಆಟಗಳಿಗೆ ಇದರಿಂದ ಅಡಚಣೆಯಾದೀತು, ಆಗಲಿ. ಎರಡನೆಯದು ವಿಂಗಡಣೆ. ಎಲ್ಲ ಸ್ಮಾರ್ಟ್ ಸಾಧನಗಳನ್ನೂ ಮುಖ್ಯ ಜಾಲದಿಂದ ಬೇರ್ಪಟ್ಟ ಗೆಸ್ಟ್ ನೆಟ್‌ವರ್ಕ್‌ಗೆ ತಳ್ಳಿ ಎಂಬ ಸಲಹೆ ಸಾಮಾನ್ಯ, ಆದರೆ ಒರಟು. ಫೋನು ಟಿವಿಯನ್ನು ಪತ್ತೆಹಚ್ಚಲು ಬಳಸುವ ಎಂಡಿಎನ್‌ಎಸ್ ಸಂದೇಶ ತನ್ನ ಜಾಲದ ಗಡಿ ದಾಟುವುದಿಲ್ಲ. ಟಿವಿ ಗೆಸ್ಟ್ ಕಡೆಗೆ ಹೋದರೆ ಕಾಸ್ಟಿಂಗ್ ನಿಲ್ಲುತ್ತದೆ. ನನ್ನ ಮಟ್ಟಿಗೆ ಟಿವಿ, ಪ್ರಿಂಟರ್‌ಗಳು ಮುಖ್ಯ ಜಾಲದಲ್ಲೇ ಇರಲಿ. ತಯಾರಕರ ಸರ್ವರ್‌ನೊಂದಿಗಷ್ಟೇ ಮಾತಾಡುವ ಕ್ಯಾಮೆರಾ, ಬಲ್ಬು, ಪ್ಲಗ್‌ಗಳು ಗೆಸ್ಟ್‌ಗೆ ಹೋಗಲಿ. ಇವುಗಳಲ್ಲಿ ಬಹಳಷ್ಟು 2.4 ಗಿಗಾಹರ್ಟ್ಸ್ ಬಿಟ್ಟು ಬೇರೆ ಅರಿಯವು, ಆ ಬ್ಯಾಂಡ್ ಅಲ್ಲಿ ಚಾಲೂ ಇರಬೇಕು. ಪ್ರಿಂಟರ್‌ಗೆ ರೌಟರ್‌ನಲ್ಲಿ ಡಿಎಚ್‌ಸಿಪಿ ರಿಸರ್ವೇಶನ್ (ಒಂದು ವಿಳಾಸವನ್ನು ಕಾಯ್ದಿರಿಸುವುದು) ಮಾಡಿಟ್ಟರೆ ಅದರ ವಿಳಾಸ ಪದೇಪದೇ ಬದಲಾಗದು.

ಒಳಗಿನ ಸಾಧನವೊಂದನ್ನು ಹೊರಗಿನಿಂದ ತಲುಪಲು ನಾವೇ ಪೋರ್ಟ್ ತೆರೆಯುವ ಪೋರ್ಟ್ ಫಾರ್ವರ್ಡಿಂಗ್ ಎಷ್ಟು ಸಲ ಮಾಡಿದರೂ ಫಲಿಸದಿದ್ದರೆ ರೌಟರ್‌ನ ವ್ಯಾನ್ (ಹೊರಬದಿಯ) ವಿಳಾಸ ನೋಡಬೇಕು. ಅದು 100.64ರಿಂದ 100.127ರ ನಡುವೆ ಇದ್ದರೆ ಇಂಟರ್ನೆಟ್ ಪೂರೈಕೆದಾರರೂ ಇನ್ನೊಂದು ನ್ಯಾಟ್ ನಡೆಸುತ್ತಿದ್ದಾರೆ ಎಂದರ್ಥ. ಮನೆಯ ಸೆಟ್ಟಿಂಗ್ಸ್‌ನಿಂದ ಅದನ್ನು ದಾಟಲಾಗದು; ಪಬ್ಲಿಕ್ ಐಪಿ ಕೊಡುತ್ತಾರೆಯೇ ಎಂದು ಅವರನ್ನೇ ಕೇಳಬೇಕು.

ಐಪಿವಿ6 ಬಂದಲ್ಲಿ ನ್ಯಾಟ್‌ನ ಈ ಆಕಸ್ಮಿಕ ಆಸರೆಯೂ ಇಲ್ಲ. 128 ಬಿಟ್‌ಗಳಲ್ಲಿ ವಿಳಾಸಕ್ಕೆ ಬರವಿಲ್ಲದ್ದರಿಂದ ಪ್ರತಿ ಸಾಧನಕ್ಕೂ ಸ್ವಂತ ಸಾರ್ವಜನಿಕ ವಿಳಾಸ ದೊರೆಯುತ್ತದೆ. ನಡುವೆ ತಡೆಯುವುದು ರೌಟರ್‌ನ ಫೈರ್‌ವಾಲ್ ಒಂದೇ. ಐಪಿವಿ6 ಬಳಸುವವರು ರೌಟರ್‌ನ ಅಡ್ಮಿನ್ ಪುಟದಲ್ಲಿ ಆ ಫೈರ್‌ವಾಲ್ ಆನ್ ಇದೆಯೇ ಎಂದು ಇಂದೇ ನೋಡಿಕೊಳ್ಳಬೇಕು.