ಹೆಸರಿಗೂ ಒಂದು ಸರಹದ್ದು

ಕೆಂಗೇರಿ ಉಪನಗರಕ್ಕೆ ಹೋಗಬೇಕಾದವರು ಮೆಜೆಸ್ಟಿಕ್‌ನಲ್ಲಿ ಆಟೋ ಹತ್ತಿ 'ನಾಲ್ಕನೇ ಕ್ರಾಸ್‌ಗೆ ನಡೀರಿ' ಎಂದರೆ ಚಾಲಕ ಏನು ಕೇಳುತ್ತಾನೆ? 'ಯಾವ ಬಡಾವಣೆ ಸ್ವಾಮಿ?' ವಿಜಯನಗರದಲ್ಲೂ ರಾಜಾಜಿನಗರದಲ್ಲೂ ನಾಲ್ಕನೇ ಕ್ರಾಸ್ ಉಂಟಲ್ಲ! ಬಡಾವಣೆಯೊಳಗೆ ಸಾಕಾಗುವ ಹೆಸರು ಗಡಿಯಾಚೆ ಸಾಲದು. ಕಂಪ್ಯೂಟರ್ ಭಾಷೆಗಳಲ್ಲಿ ಹೆಸರಿನ ಈ ಗಡಿಗೆ 'ಸ್ಕೋಪ್', ಅಂದರೆ ವ್ಯಾಪ್ತಿ ಎನ್ನುತ್ತಾರೆ.

ಆರ್ಡುಯಿನೊ ಬೋರ್ಡಿನಲ್ಲಿ ಮೊದಲ ಪ್ರೋಗ್ರಾಂ ಬರೆಯುವ ವಿದ್ಯಾರ್ಥಿಗಳೇ, 'ನಾಟ್ ಡಿಕ್ಲೇರ್ಡ್ ಇನ್ ದಿಸ್ ಸ್ಕೋಪ್' ಎಂಬ ಸಾಲು ನಿಮ್ಮನ್ನು ಕಾಡಿರಬಹುದು. 'ಸೆಟಪ್' ಒಳಗೆ ಘೋಷಿಸಿದ ವೇರಿಯಬಲ್ಲನ್ನು 'ಲೂಪ್' ಒಳಗೆ ಬಳಸಿದರೆ ಬರುವ ದೂರು ಇದು. ಇದರ ಮೂಲ ಹುಡುಕಿದರೆ ನಾವು 1960ರ ಜನವರಿಗೆ, ಪ್ಯಾರಿಸ್ ನಗರಕ್ಕೆ ಹೋಗಬೇಕಾಗುತ್ತದೆ. ಅಲ್ಲಿ ಸೇರಿದ ಹದಿಮೂರು ಮಂದಿ ತಜ್ಞರು ರೂಪಿಸಿದ ಆಲ್ಗಾಲ್ 60 ಭಾಷೆಯಲ್ಲಿ 'ಬಿಗಿನ್' ಮತ್ತು 'ಎಂಡ್' ನಡುವಿನ ಭಾಗವೇ ಒಂದು ಬ್ಲಾಕ್. ಅದರೊಳಗೆ ಘೋಷಿಸಿದ ಹೆಸರು ಹೊರಗೆ ಸಲ್ಲದು. ಒಬ್ಬರು ಬರೆದ ಭಾಗದ ಹೆಸರು ಇನ್ನೊಬ್ಬರ ಭಾಗವನ್ನು ಕೆಡಿಸದಿರಲು ಇದು ಒಳ್ಳೆಯ ಏರ್ಪಾಡಾಯಿತು. 1972ರ ಸುಮಾರಿಗೆ ಬೆಲ್ ಪ್ರಯೋಗಾಲಯದಲ್ಲಿ ಡೆನ್ನಿಸ್ ರಿಚಿ ರೂಪಿಸಿದ ಸಿ ಭಾಷೆಯಲ್ಲಿ ಅದೇ ನಿಯಮ ಪುಷ್ಪಾವರಣದ ರೂಪ ತಳೆಯಿತು. (ಕೆಂಗೇರಿಯ ದಾರಿಯಲ್ಲಿರುವ ಆರ್.ವಿ. ಎಂಜಿನಿಯರಿಂಗ್ ಕಾಲೇಜು ಶುರುವಾದದ್ದು 1963ರಲ್ಲಿ. ಸಿ ಭಾಷೆಗಿಂತ ಹಿರಿಯದು!)

ಪರಿಹಾರ ಸುಲಭ. ಎರಡೂ ಫಂಕ್ಷನ್‌ಗಳಿಗೆ ಬೇಕಾದ ಹೆಸರನ್ನು ಅವೆರಡರ ಮೇಲ್ಗಡೆ, ಹೊರಗೆ ಘೋಷಿಸಿ. ಆದರೆ ಗುಂಡಿ ಒತ್ತಿದ ಎಣಿಕೆ 'ಲೂಪ್' ಒಳಗೆ ಮಾತ್ರ ಬೇಕೆನ್ನಿ. ಅಲ್ಲಿ 'ಇಂಟ್ ಎಣಿಕೆ = 0' ಎಂದು ಬರೆದರೆ ಪ್ರತಿ ಸುತ್ತಿನಲ್ಲೂ ಅದು ಸೊನ್ನೆಯಿಂದಲೇ ಹುಟ್ಟುತ್ತದೆ; ಒಂದನ್ನು ದಾಟುವುದೇ ಇಲ್ಲ. ಮುಂದೆ 'ಸ್ಟ್ಯಾಟಿಕ್' ಎಂದು ಸೇರಿಸಿ, ಬೆಲೆ ಉಳಿಯುತ್ತದೆ, ಹೆಸರು ಮಾತ್ರ ಒಳಗೇ ಇರುತ್ತದೆ. ಆಲ್ಗಾಲ್‌ನಲ್ಲಿ 'ಓನ್' ಎಂಬ ಪದ ಇದೇ ಕೆಲಸಕ್ಕಿತ್ತು.

ನನಗೆ ಹೆಚ್ಚು ಅಪಾಯಕಾರಿ ಎನಿಸುವುದು ದೂರೇ ಬಾರದ ತಪ್ಪು. ಹೊರಗೆ ಘೋಷಿಸಿದ ಹೆಸರಿಗೆ ಒಳಗೆ ಬೆಲೆ ಕೊಡುವಾಗ ಕೈತಪ್ಪಿ ಮತ್ತೆ 'ಇಂಟ್' ಎಂದು ಬರೆದರೆ ಅದೇ ಹೆಸರಿನ ಹೊಸ ವೇರಿಯಬಲ್ ಹುಟ್ಟಿ ಹಳೆಯದನ್ನು ಮರೆಮಾಡುತ್ತದೆ. ಕಂಪೈಲರ್ ಸಾಮಾನ್ಯವಾಗಿ ಸುಮ್ಮನಿರುತ್ತದೆ. ದೀಪ ಮಾತ್ರ ಹೊತ್ತುವುದಿಲ್ಲ. ಆ 'ಇಂಟ್' ಅಳಿಸಿ.

ಹಾಗಾದರೆ ಎಲ್ಲವನ್ನೂ ಹೊರಗೇ ಇಡೋಣವೆ? ಹೊರಗಿನ ವೇರಿಯಬಲ್ ಪ್ರೋಗ್ರಾಂ ಓಡುವಷ್ಟು ಹೊತ್ತೂ ಜಾಗ ಬಿಡುವುದಿಲ್ಲ. 1980ರಲ್ಲಿ ಇಂಟೆಲ್ ತಂದ 8051 ಚಿಪ್‌ನ ಒಳಗಿದ್ದ ರ‍್ಯಾಮ್ 128 ಬೈಟ್. ಆರ್ಡುಯಿನೊ ಯುನೊದಲ್ಲಿ 2048.