ಬಳೆಗಾರನಿಗೆ ಹಾಸಿದ ಚಾಪೆ

ಹಿರಿಯರಿಗೆ ನೆನಪಿರಬಹುದು: ಮಲಾರ ಹೊತ್ತು ಬಂದ ಬಳೆಗಾರನಿಗೆ ಜಗಲಿಯಲ್ಲಿ ಚಾಪೆ ಹಾಸುತ್ತಿದ್ದರು. ಆತ ಕುಳಿತು, ಎದುರು ಕುಳಿತ ಹೆಣ್ಣುಮಕ್ಕಳ ಕೈಯನ್ನು ಮೃದುವಾಗಿ ಒತ್ತುತ್ತ ಬಳೆ ತೊಡಿಸುತ್ತಿದ್ದನು. ತವರಿನ ಸುದ್ದಿಯನ್ನೂ ತರುತ್ತಿದ್ದನು. ಆ ಮಲಾರವೇ ಇಂದು ರಾಜಾಜಿನಗರ, ವಿಜಯನಗರಗಳ ಫ್ಯಾನ್ಸಿ ಸ್ಟೋರುಗಳಲ್ಲಿ ಗಾಜಿನ ಕಪಾಟುಗಳಾಗಿ ಹರಡಿದೆ. ಚಾಪೆ ಮಾತ್ರ ಕಾಣದು. ಗಿರಾಕಿಗೊಪ್ಪುವ ಲಿಪ್‌ಸ್ಟಿಕ್ಕಿನ ಬಣ್ಣವನ್ನು ತನ್ನ ಮುಂಗೈಗೇ ಬಳಿದು ತೋರಿಸುವ ಹುಡುಗಿ ಹಗಲಿನ ಬಹುಭಾಗವನ್ನು ನಿಂತೇ ಕಳೆಯುತ್ತಾಳೆ. ನಮ್ಮದಿನ್ನೂ ಮೈಸೂರು ರಾಜ್ಯವೆನಿಸಿದ್ದಾಗ, 1961ರಲ್ಲಿ ಬಂದ ಅಂಗಡಿಗಳ ಕಾಯಿದೆ ದುಡಿಮೆಯನ್ನು ದಿನಕ್ಕೆ 9 ಗಂಟೆಗೆ ಮಿತಗೊಳಿಸಿತು. ಆ ಗಂಟೆಗಳು ಕಾಲಿನ ಮೇಲೋ ಕುರ್ಚಿಯ ಮೇಲೋ ಎಂಬುದು ಬೇರೆ ಮಾತು. ಕೇರಳದಲ್ಲಿ ಅಂಗಡಿಯ ಹೆಣ್ಣುಮಕ್ಕಳು ವರ್ಷಗಟ್ಟಲೆ ಹೋರಾಡಿದ ಮೇಲೆ, 2018ರಲ್ಲಿ ಕುಳಿತುಕೊಳ್ಳುವ ಹಕ್ಕು ಕಾಯಿದೆಗೆ ಸೇರಿತು. 2021ರಲ್ಲಿ ತಮಿಳುನಾಡೂ ಹಾಗೆಯೇ ಮಾಡಿತು. ಅವರು ಕೇಳಿದ್ದು ಗಿರಾಕಿಯಿಲ್ಲದ ಹೊತ್ತಿಗೊಂದು ಮುಕ್ಕಾಲಿಯನ್ನು.