ರೇಷ್ಮೆಯ ವಂಶಾವಳಿ: ರಚನಾನುರೂಪತೆ ಮತ್ತು ಕಾರ್ಯಾನುರೂಪತೆಯ ಮರುಪರಿಶೀಲನೆ

ಪೀಠಿಕೆ

ನಮ್ಮ ಜೀವಶಾಸ್ತ್ರದ ಪಾಠಗಳಲ್ಲಿ ರಚನಾನುರೂಪಿ ಅಂಗಗಳೆಂದರೆ ಮನುಷ್ಯನ ಕೈ, ತಿಮಿಂಗಿಲದ ಈಜುರೆಕ್ಕೆ, ಬಾವಲಿಯ ರೆಕ್ಕೆ. ಕಾರ್ಯಾನುರೂಪಿ ಅಂಗಗಳೆಂದರೆ ಹಕ್ಕಿಯ ರೆಕ್ಕೆ ಮತ್ತು ಚಿಟ್ಟೆಯ ರೆಕ್ಕೆ. ಉದಾಹರಣೆಗಳು ಸರಿಯಾಗಿಯೇ ಇವೆ. ಆದರೆ ಅವನ್ನು ಎರಡು ಪಟ್ಟಿ ಮಾಡಿ ಕಲಿಸುವುದರಿಂದ, ಒಂದು ಪಟ್ಟಿಗೆ ಸೇರಿದ್ದು ಇನ್ನೊಂದಕ್ಕೆ ಸೇರದು ಎಂಬ ತಿಳಿವಳಿಕೆ ವಿದ್ಯಾರ್ಥಿಗಳಲ್ಲಿ ಗಟ್ಟಿಯಾಗುತ್ತದೆ. ಬಾವಲಿ ಮತ್ತು ಹಕ್ಕಿಯನ್ನು ಅಕ್ಕಪಕ್ಕ ಇಟ್ಟರೆ ಈ ತಿಳಿವಳಿಕೆ ನಿಲ್ಲುವುದಿಲ್ಲ. ಮುಂಗಾಲಾಗಿ ಅವೆರಡರ ರೆಕ್ಕೆಗಳೂ ಒಂದೇ ಮೂಲದವು. ಹಾರುವ ಸಾಧನವಾಗಿ ಬೇರೆ ಬೇರೆಯಾಗಿ ಹುಟ್ಟಿದವು.

ರಚನಾನುರೂಪತೆಯನ್ನು ಯಾವ ಸ್ತರದಲ್ಲಿ ಕೇಳುತ್ತಿದ್ದೇವೆ ಎಂದು ಹೇಳದೆ ಆ ಪ್ರಶ್ನೆಗೆ ಉತ್ತರವಿಲ್ಲ ಎಂಬುದೇ ಈ ಲೇಖನದ ವಾದ. ಅದಕ್ಕೆ ಸಾಕ್ಷಿಯಾಗಿ ರೇಷ್ಮೆಯನ್ನು ಆರಿಸಿಕೊಂಡಿದೆ. ಕಣ್ವ ನದಿಯ ದಡದ ದೊಡ್ಡಮಳೂರನ್ನು ಹೊರಗಿನವರು ಅಪ್ರಮೇಯಸ್ವಾಮಿ ಮತ್ತು ಅಂಬೆಗಾಲು ಕೃಷ್ಣನ ಊರೆಂದು ಬಲ್ಲರು. ಆದರೆ ಸುತ್ತಲಿನ ಚನ್ನಪಟ್ಟಣ, ರಾಮನಗರ, ಕನಕಪುರ, ಮಾಗಡಿ ಸೀಮೆಯ ಅನೇಕ ಮನೆಗಳ ಬದುಕು ಹಿಪ್ಪುನೇರಳೆ ತೋಟದ ಮೇಲೆ ನಿಂತಿದೆ. ಮೈಸೂರು ಸಂಸ್ಥಾನ 1914ರಲ್ಲಿ ಚನ್ನಪಟ್ಟಣದಲ್ಲಿ ಸರ್ಕಾರಿ ರೇಷ್ಮೆ ಫಾರಂ ತೆರೆಯಿತು. ರಾಮನಗರದ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂಬ ಹೆಸರು ಪಡೆದಿದೆ. ಈ ಸೀಮೆಯ ವಿದ್ಯಾರ್ಥಿಗೆ ತಿಮಿಂಗಿಲಕ್ಕಿಂತ ರೇಷ್ಮೆಹುಳು ಹತ್ತಿರದ್ದು.

ಪರಿಕಲ್ಪನೆಯ ಬೆಳವಣಿಗೆ

ಈ ಎರಡು ಪರಿಕಲ್ಪನೆಗಳನ್ನು ಖಚಿತವಾಗಿ ಬೇರ್ಪಡಿಸಿದವರು ರಿಚರ್ಡ್ ಓವನ್, 1843ರಲ್ಲಿ. ರೂಪ ಮತ್ತು ಕೆಲಸ ಏನೇ ಇರಲಿ, ಬೇರೆ ಬೇರೆ ಪ್ರಾಣಿಗಳಲ್ಲಿ ಅದೇ ಅಂಗವಾಗಿರುವುದು ರಚನಾನುರೂಪಿ. ಅದೇ ಕೆಲಸ ಮಾಡುವುದು ಕಾರ್ಯಾನುರೂಪಿ. 'ಅದೇ ಅಂಗ' ಏಕೆ ಅದೇ ಆಗಿದೆ ಎಂಬುದಕ್ಕೆ ಓವನ್ ಒಂದು ಆದರ್ಶ ಮಾದರಿಯನ್ನು ಮುಂದಿಟ್ಟರು. 1859ರಲ್ಲಿ ಡಾರ್ವಿನ್ ಆ ಜಾಗದಲ್ಲಿ ಸಮಾನ ಪೂರ್ವಜನನ್ನು ತಂದರು. 1870ರಲ್ಲಿ ರೇ ಲ್ಯಾಂಕೆಸ್ಟರ್, ಪೂರ್ವಜನಿಂದ ಬಂದ ಹೋಲಿಕೆಯನ್ನೂ ಸ್ವತಂತ್ರವಾಗಿ ಹುಟ್ಟಿದ ಹೋಲಿಕೆಯನ್ನೂ ಇನ್ನಷ್ಟು ಬಿಗಿಯಾಗಿ ವಿಂಗಡಿಸಿದರು. 1952ರಲ್ಲಿ ಅಡಾಲ್ಫ್ ರೆಮಾನೆ ಮೂರು ಒರೆಗಲ್ಲುಗಳನ್ನು ಕೊಟ್ಟರು: ದೇಹದಲ್ಲಿ ಅಂಗದ ಸ್ಥಾನ, ಅದರ ವಿಶೇಷ ರಚನೆ, ಮತ್ತು ನಡುವಿನ ರೂಪಗಳ ಮೂಲಕ ಸಿಗುವ ಕೊಂಡಿ. ಇಂದು ಜೀನ್ ಮತ್ತು ಪ್ರೋಟೀನುಗಳನ್ನೂ ಇದೇ ಬಗೆಯಲ್ಲಿ ಪರೀಕ್ಷಿಸುತ್ತೇವೆ.

ರೇಷ್ಮೆಹುಳುವಿನ ಗ್ರಂಥಿ

ನಾಲ್ಕು ಜ್ವರ (ಪೊರೆ ಕಳಚುವ ಅವಧಿ) ಕಳೆದ ಹುಳು ಐದನೇ ಹಂತದಲ್ಲಿ ಎಡೆಬಿಡದೆ ಸೊಪ್ಪು ತಿನ್ನುತ್ತದೆ. ಒಂದು ವಾರದ ಆಸುಪಾಸಿನಲ್ಲಿ ಮೇವು ಬಿಟ್ಟು, ಮೈ ಅರೆಪಾರದರ್ಶಕವಾಗಿ, ತಲೆ ಎತ್ತಿ ಆಡಿಸತೊಡಗುತ್ತದೆ. 'ಹುಳ ಹಣ್ಣಾಯಿತು' ಎಂದು ರೈತರು ಅದನ್ನು ಆರಿಸಿ ಗೂಡು ಕಟ್ಟಿಸುವ ಚಂದ್ರಿಕೆಗೆ ಬಿಡುವುದು ಆಗಲೇ. ಆ ಹೊತ್ತಿಗೆ ಅದರ ಮೈತುಂಬ ಇರುವುದು ಮಡಿಚಿಕೊಂಡ ಒಂದು ಜೊತೆ ರೇಷ್ಮೆ ಗ್ರಂಥಿಗಳು. ಗ್ರಂಥಿಯ ಹಿಂಭಾಗ ಫೈಬ್ರೋಯಿನ್ ಎಂಬ ನೂಲಿನ ಪ್ರೋಟೀನನ್ನೂ, ನಡುಭಾಗ ಸೆರಿಸಿನ್ ಎಂಬ ಅಂಟನ್ನೂ ಸ್ರವಿಸುತ್ತದೆ. ಎರಡು ಗ್ರಂಥಿಗಳ ನಾಳಗಳು ಮುಂದೆ ಕೂಡಿ, ಬಾಯಿಯ ಕೆಳಗಿನ ಒಂದೇ ರಂಧ್ರದಿಂದ ಹೊರಬರುತ್ತವೆ. ಹಾಗಾಗಿಯೇ ಗೂಡಿನ ಎಳೆಯನ್ನು ಸೂಕ್ಷ್ಮದರ್ಶಕದಡಿ ನೋಡಿದರೆ ಅದು ಒಂಟಿ ಎಳೆಯಲ್ಲ, ಸೆರಿಸಿನ್ ಅಂಟಿನಿಂದ ಕೂಡಿಕೊಂಡ ಜೋಡಿ ಎಳೆ. ರೀಲರುಗಳು ಗೂಡನ್ನು ಬಿಸಿನೀರಿನಲ್ಲಿ ಬೇಯಿಸುವುದು ಈ ಅಂಟು ಮೆತ್ತಗಾಗಿ ಎಳೆ ಬಿಚ್ಚಿಕೊಳ್ಳಲೆಂದು.

ಈ ಗ್ರಂಥಿ ಮೂಲತಃ ಯಾವುದು? ಭ್ರೂಣದಲ್ಲಿ ಇದು ತಲೆಯ ಕೆಳದುಟಿಯ ಖಂಡದಿಂದ ಒಳಮಡಿಚಿ ಬೆಳೆಯುತ್ತದೆ. ಅಲ್ಲಿ 'ಎಸ್‌ಸಿಆರ್' ಎಂಬ ನಿಯಂತ್ರಕ ಜೀನ್ ಕೆಲಸ ಮಾಡುತ್ತದೆ. ಹಣ್ಣುನೊಣದ ಲಾಲಾಗ್ರಂಥಿ ರೂಪುಗೊಳ್ಳುವುದಕ್ಕೂ ಅದೇ ಜೀನ್ ಬೇಕು. ಸ್ಥಾನ, ಬೆಳವಣಿಗೆ, ಜೀನ್ ಮೂರೂ ಒಂದೇ ಮಾತು ಹೇಳುತ್ತವೆ: ರೇಷ್ಮೆ ಗ್ರಂಥಿ ಕೀಟಗಳ ಜೊಲ್ಲಿನ ಗ್ರಂಥಿಯ ಮಾರ್ಪಟ್ಟ ರೂಪ.

ನಾಲ್ಕು ಹೋಲಿಕೆಗಳು

ಮೊದಲನೆಯದು ಕ್ಯಾಡಿಸ್ ಹುಳು. ಹರಿಯುವ ತೊರೆಗಳ ಕಲ್ಲುಗಳಡಿ ಬದುಕುವ ಈ ಮರಿಹುಳು ಮರಳು, ಕಡ್ಡಿಗಳನ್ನು ರೇಷ್ಮೆಯಿಂದ ಅಂಟಿಸಿ ಮನೆ ಕಟ್ಟಿಕೊಳ್ಳುತ್ತದೆ. ಕೆಲವು ಬಗೆಗಳು ನೀರಿನಲ್ಲೇ ಬಲೆ ನೇಯುತ್ತವೆ. ಇದರ ವಂಶ ಪತಂಗಗಳ ವಂಶದಿಂದ ಕವಲೊಡೆದದ್ದು ಇಪ್ಪತ್ತು ಕೋಟಿ ವರ್ಷಗಳಿಗೂ ಹಿಂದೆ. ಆದರೂ ಗ್ರಂಥಿ ಅದೇ, ಫೈಬ್ರೋಯಿನ್ನಿನ ಭಾರಸರಪಳಿ ಮತ್ತು ಲಘುಸರಪಳಿಗಳೂ ಅವೇ. ಬದಲಾಗಿರುವುದು ವಿವರ: ಇಲ್ಲಿ ಸೆರೀನ್ ಘಟಕಗಳಿಗೆ ಫಾಸ್ಫೇಟ್ ಸೇರಿಕೊಂಡು, ನೂಲು ನೀರಿನಲ್ಲೂ ಅಂಟುತ್ತದೆ. ಅಂಗ ಮತ್ತು ಪ್ರೋಟೀನ್ ಎರಡೂ ಸ್ತರಗಳಲ್ಲಿ ಇದು ರಚನಾನುರೂಪಿ.

ಎರಡನೆಯದು ಮಾವಿನ ಮರಗಳಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಕೆಂಪಿರುವೆ. ದುಡಿಮೆಗಾರ ಇರುವೆಗಳು ತಮ್ಮ ಮರಿಹುಳುಗಳನ್ನು ಬಾಯಲ್ಲಿ ಕಚ್ಚಿ ಹಿಡಿದು, ಎಲೆಯಂಚಿನಿಂದ ಎಲೆಯಂಚಿಗೆ ಆಡಿಸುತ್ತವೆ. ನೂಲು ಬರುವುದು ಮರಿಯ ಬಾಯಿಂದ. ಗ್ರಂಥಿ ಇಲ್ಲಿಯೂ ಅದೇ ಕೆಳದುಟಿಯದು. ಆದರೆ ಪ್ರೋಟೀನ್ ಪೂರ್ತಿ ಬೇರೆ: ಹಗ್ಗದಂತೆ ಒಂದಕ್ಕೊಂದು ಹೊಸೆದುಕೊಂಡ ಸುರುಳಿಗಳು. ಅಂಗವಾಗಿ ರಚನಾನುರೂಪಿ, ರೇಷ್ಮೆಯಾಗಿ ಕಾರ್ಯಾನುರೂಪಿ. ಬಾವಲಿ ಮತ್ತು ಹಕ್ಕಿಯ ರೆಕ್ಕೆಗಳ ಸ್ಥಿತಿಯೇ ಇದು.

ಮೂರನೆಯದು ಜೇಡ. ಇದರ ನೂಲು ಬಾಯಿಂದಲ್ಲ, ಹೊಟ್ಟೆಯ ತುದಿಯ ನೂಲುಮೊಲೆಗಳಿಂದ ಬರುತ್ತದೆ. ಆ ಮೊಲೆಗಳು ಉದರ ಭಾಗದ ಉಪಾಂಗಗಳು, ಅಂದರೆ ಕಾಲುಗಳ ಸರಣಿಗೆ ಸೇರಿದವು. ಗ್ರಂಥಿಯ ಮೂಲ ಬೇರೆ, ಜೀನುಗಳ ಕುಟುಂಬ ಬೇರೆ. ಆದರೆ ಜೇಡ ಇಳಿಬೀಳಲು ಬಳಸುವ ಗಟ್ಟಿ ನೂಲಿನಲ್ಲೂ ರೇಷ್ಮೆಹುಳುವಿನ ನೂಲಿನಲ್ಲೂ ಸಣ್ಣ ಅಮೈನೋ ಆಮ್ಲಗಳಾದ ಗ್ಲೈಸೀನ್ ಮತ್ತು ಅಲನೀನ್‌ಗಳದೇ ಪ್ರಾಬಲ್ಯ. ಎರಡರಲ್ಲೂ ಅವು ಹಾಳೆ ಮಡಿಚಿದಂತೆ ಒತ್ತಾಗಿ ಜೋಡಿಸಿಕೊಂಡು ಗಟ್ಟಿ ಹರಳುಗಳಾಗುತ್ತವೆ. ಎಳೆ ಗಟ್ಟಿಯೂ ಬಾಗುವಂಥದೂ ಆಗಬೇಕೆಂಬ ಒಂದೇ ಒತ್ತಡ ಎರಡು ವಂಶಗಳನ್ನು ಒಂದೇ ಪರಿಹಾರಕ್ಕೆ ತಂದಿದೆ.

ನಾಲ್ಕನೆಯದು ಟಸ್ಸಾರ್. ಪ್ರಶ್ನೆ ಕಠಿಣವಾಗುವುದು ಇಲ್ಲಿ. ಹಿಪ್ಪುನೇರಳೆ ಹುಳುವಿನ ಫೈಬ್ರೋಯಿನ್‌ನಲ್ಲಿ ಗ್ಲೈಸೀನ್–ಅಲನೀನ್ ಜೋಡಿ, ನಡುನಡುವೆ ಸೆರೀನ್, ಮತ್ತೆ ಮತ್ತೆ ಬರುತ್ತದೆ. ಟಸ್ಸಾರ್ ಪತಂಗದ ಫೈಬ್ರೋಯಿನ್‌ನಲ್ಲಿ ಬರುವುದು ಅಲನೀನ್ ಸಾಲುಗಳು, ಥೇಟ್ ಜೇಡದ ನೂಲಿನಂತೆ. ಪುನರಾವರ್ತನೆಯನ್ನೇ ಅಳತೆಗೋಲು ಮಾಡಿಕೊಂಡರೆ ಟಸ್ಸಾರನ್ನು ಜೇಡದ ಪಕ್ಕ ಕೂರಿಸಬೇಕಾಗುತ್ತದೆ. ಆದರೆ ಪ್ರೋಟೀನಿನ ಆರಂಭದ ತುದಿ ಪುನರಾವರ್ತನೆಯ ಭಾಗವಲ್ಲ. ಅದು ನಿಧಾನವಾಗಿ ಬದಲಾಗುತ್ತದೆ. ಅಲ್ಲಿ ಟಸ್ಸಾರ್ ಹಿಪ್ಪುನೇರಳೆ ರೇಷ್ಮೆಯ ನೆಂಟ. ಅಂದರೆ ಜೀನ್ ಸ್ತರದ ಹೋಲಿಕೆಯೂ ತಾನಾಗಿ ವಂಶದ ಸಾಕ್ಷಿಯಾಗುವುದಿಲ್ಲ. ಪುನರಾವರ್ತಿತ ಭಾಗ ಬೇಗ ಬದಲಾಗುತ್ತದೆ, ಕೆಲಸದ ಒತ್ತಡಕ್ಕೆ ಬೇಗ ಮಣಿಯುತ್ತದೆ.

ಚರ್ಚೆ ಮತ್ತು ನಿಲುವು

ಈ ನಾಲ್ಕರಲ್ಲಿ ಯಾವ ಎರಡು ಪ್ರಕರಣಗಳೂ ಒಂದೇ ರೀತಿ ಇಲ್ಲ. ನೂಲಿನ ಬಲ, ಹೊಳಪು, ಬಳಕೆ ಇವಾವುವೂ ರಚನಾನುರೂಪತೆಗೆ ಸಾಕ್ಷಿಯಲ್ಲ. ಸಾಕ್ಷಿಯಾಗುವುದು ಸ್ಥಾನ, ಭ್ರೂಣದ ಬೆಳವಣಿಗೆ ಮತ್ತು ಒತ್ತಡಕ್ಕೆ ಸುಲಭವಾಗಿ ಮಣಿಯದ ಜೀನ್ ಭಾಗಗಳು. ಈ ವಿವೇಕಕ್ಕೆ ವ್ಯಾವಹಾರಿಕ ಬೆಲೆಯೂ ಇದೆ. 2012ರಲ್ಲಿ ಸಂಶೋಧಕರು ಜೇಡದ ನೂಲಿನ ಅನುಕ್ರಮವನ್ನು ರೇಷ್ಮೆಹುಳುವಿಗೆ ಸೇರಿಸಿ ಮಿಶ್ರ ರೇಷ್ಮೆ ಪಡೆದಾಗ, ಆ ಅನುಕ್ರಮವನ್ನು ಹುಳುವಿನದೇ ಫೈಬ್ರೋಯಿನ್ ಜೀನಿನ ನಿಯಂತ್ರಣಕ್ಕೆ ಒಳಪಡಿಸಬೇಕಾಯಿತು. ನೂಲಿನ ಕೆಲಸ ಒಂದೇ ಆದರೂ ಅದನ್ನು ತಯಾರಿಸುವ ಯಂತ್ರ ಬೇರೆಯದು.

ನಮ್ಮ ಅಧ್ಯಾಪಕರಿಗೆ ಒಂದು ಸೂಚನೆ ಉಳಿದಿದೆ. ಚನ್ನಪಟ್ಟಣ–ರಾಮನಗರದ ಶಾಲೆಗಳಲ್ಲಿ ಈ ಪಾಠಕ್ಕೆ ಹೊಸ ಉಪಕರಣ ಬೇಡ: ಒಂದು ಹಣ್ಣಾದ ರೇಷ್ಮೆಹುಳು, ಒಂದು ಜೇಡ, ಎಲೆ ಹೊಲಿದ ಇರುವೆಗೂಡು ಸಾಕು. 'ಇವು ಒಂದೇ ಅಂಗವೇ?' ಎಂದು ಕೇಳುವುದಕ್ಕೆ ಮೊದಲು 'ಯಾವ ಸ್ತರದಲ್ಲಿ?' ಎಂದು ಕೇಳುವುದನ್ನು ವಿದ್ಯಾರ್ಥಿಗೆ ಕಲಿಸಬೇಕು. ಎರಡು ಪಟ್ಟಿಗಳ ಬಾಯಿಪಾಠಕ್ಕಿಂತ ಆ ಒಂದು ಪ್ರಶ್ನೆ ಹೆಚ್ಚು ಜೀವವಿಕಾಸವನ್ನು ಕಲಿಸುತ್ತದೆ.